ತಲೆಗೆ ಪೆಟ್ಟಾದ ಮೇಲೆ ಸ್ವಭಾವವೇ ಬದಲಾದಾಗ: ಮನೆಯವರಿಗೊಂದು ಮಾರ್ಗದರ್ಶಿ

"ಗಾಯ ಮಾಗಿದೆ, ಓಡಾಡುತ್ತಾರೆ, ಊಟ ಮಾಡುತ್ತಾರೆ. ಆದರೆ ಮೊದಲಿನ ಮನುಷ್ಯ ಅಲ್ಲ. ಮಾತೆತ್ತಿದರೆ ಸಿಡುಕು, ಇಲ್ಲದಿದ್ದರೆ ದಿನವಿಡೀ ಸುಮ್ಮನೆ ಕೂತಿರುತ್ತಾರೆ. ಏನು ಮಾಡೋಣ?" ಓದುಗರು ಮತ್ತೆ ಮತ್ತೆ ಕೇಳುವುದು ಇದನ್ನೇ. ಕೇಳುವವರು ಬಹುಪಾಲು ಹೆಂಡತಿ, ಗಂಡ, ತಾಯಿ ಅಥವಾ ಮಕ್ಕಳು. ಪೆಟ್ಟು ತಿಂದವರೇ ಕೇಳುವುದು ಕಡಿಮೆ. ಯಾಕೆ ಎಂಬುದು ನಾಲ್ಕನೇ ಹಂತದಲ್ಲಿದೆ.

ಅಪಘಾತದಲ್ಲಿ ತಲೆಗೆ ಪೆಟ್ಟಾಗಿ ಆಸ್ಪತ್ರೆಯಿಂದ ಮನೆಗೆ ಬಂದವರನ್ನು ಮುಖ್ಯವಾಗಿ ಮನಸ್ಸಿನಲ್ಲಿಟ್ಟು ಇದನ್ನು ಬರೆದಿದೆ. ಪಾರ್ಶ್ವವಾಯು, ಮಿದುಳಿನ ಸೋಂಕು, ಆಮ್ಲಜನಕದ ಕೊರತೆಯಿಂದ ಮಿದುಳಿಗೆ ಹಾನಿಯಾದವರ ಮನೆಯಲ್ಲೂ ಹೆಚ್ಚಿನ ಹಂತಗಳು ಹಾಗೆಯೇ ನಡೆಯುತ್ತವೆ.

ಮೊದಲೇ ಒಂದು ಮಾತು. ಬುದ್ಧಿ ಹೇಳಿ ತಿದ್ದುವ ದಾರಿ ಇಲ್ಲಿ ಹೆಚ್ಚು ದೂರ ಹೋಗುವುದಿಲ್ಲ. ಹೇಳಿದ ಬುದ್ಧಿಯನ್ನು ನೆನಪಿಟ್ಟು, ಕೋಪ ಬಂದ ಕ್ಷಣದಲ್ಲಿ ಅದನ್ನು ಹೊರಗೆ ತೆಗೆದು, ನಾಲಿಗೆ ಹಿಡಿದುಕೊಳ್ಳುವುದು ಮಿದುಳಿನ ಯಾವ ಭಾಗದ ಕೆಲಸವೋ ಹಲವು ಸಲ ಪೆಟ್ಟಾಗಿರುವುದು ಅದಕ್ಕೇ. ಆದ್ದರಿಂದ ಮೊದಲು ಕಾರಣ ಹುಡುಕಬೇಕು, ಆಮೇಲೆ ಸುತ್ತಲಿನ ಸನ್ನಿವೇಶ ಬದಲಿಸಬೇಕು. ಮನುಷ್ಯ ಬದಲಾಗುವುದು ಅದರ ಹಿಂದಿನಿಂದ ಬರುತ್ತದೆ.

ಬೇಕಾಗುವುದು

ಡಿಸ್ಚಾರ್ಜ್ ಸಮ್ಮರಿ ಮತ್ತು ಸ್ಕ್ಯಾನ್ ವರದಿಯ ಪ್ರತಿ. ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ: ಹೆಸರು, ಪ್ರಮಾಣ, ಮುಖ್ಯವಾಗಿ ಶುರು ಮಾಡಿದ ತಾರೀಖು. ಒಂದು ನೋಟ್‌ಬುಕ್, ಗೋಡೆಗೆ ದೊಡ್ಡ ಬಿಳಿ ಬೋರ್ಡು, ಅಲಾರಾಂ ಇರುವ ಫೋನು. ಇವೆಲ್ಲಕ್ಕಿಂತ ಮುಖ್ಯವಾಗಿ, ಪೆಟ್ಟು ಬೀಳುವ ಮುಂಚಿನಿಂದ ಅವರನ್ನು ಚೆನ್ನಾಗಿ ಬಲ್ಲ ಇನ್ನೊಬ್ಬರು. "ಮೊದಲೂ ಹೀಗೇ ಇದ್ದರಾ?" ಎಂಬ ಪ್ರಶ್ನೆಗೆ ಒಬ್ಬರ ಉತ್ತರವನ್ನೇ ನಂಬಿಕೊಳ್ಳಬೇಡಿ. ಬೇಸತ್ತವರಿಗೆ ಹಳೆಯ ಸಿಡುಕು ಮರೆತುಹೋಗಿರುತ್ತದೆ.

ಹಂತ 1: ಕಾಗದಪತ್ರ ಓದಿಕೊಳ್ಳಿ

ಸಮ್ಮರಿಯಲ್ಲಿ ಜಿಸಿಎಸ್ ಎಂಬ ಅಂಕ ಇರುತ್ತದೆ. 1974ರಿಂದ ಬಳಕೆಯಲ್ಲಿರುವ ಗ್ಲಾಸ್ಗೋ ಕೋಮಾ ಮಾಪಕ ಅದು. ಕಣ್ಣು ತೆರೆಯುವುದು, ಮಾತು, ಕೈಕಾಲಿನ ಚಲನೆ ಈ ಮೂರನ್ನು ನೋಡಿ 3ರಿಂದ 15ರವರೆಗೆ ಅಂಕ ಕೊಡುತ್ತಾರೆ. 13ರಿಂದ 15 ಸೌಮ್ಯ, 9ರಿಂದ 12 ಮಧ್ಯಮ, 8 ಮತ್ತು ಅದಕ್ಕಿಂತ ಕಡಿಮೆ ಇದ್ದರೆ ತೀವ್ರ ಪೆಟ್ಟು.

ಇದಕ್ಕಿಂತ ಹೆಚ್ಚು ಹೇಳುವುದು ನೆನಪಿನ ಅಂತರ. ಪೆಟ್ಟು ಬಿದ್ದ ಗಳಿಗೆಯಿಂದ, ನಿನ್ನೆ ನಡೆದದ್ದು ಇವತ್ತು ನೆನಪಿರುವ ಸ್ಥಿತಿಗೆ ಮರಳುವವರೆಗಿನ ಅವಧಿ ಅದು. ಒಂದು ದಿನ ದಾಟಿದ್ದರೆ ಪೆಟ್ಟನ್ನು ಸೌಮ್ಯ ಎನ್ನಲಾಗದು. ಒಂದು ವಾರ ದಾಟಿದ್ದರೆ ತೀವ್ರ. ಸಮ್ಮರಿಯಲ್ಲಿ ಬರೆದಿರದಿದ್ದರೆ ಅಂದಾಜು ಮಾಡಿ: ಆಸ್ಪತ್ರೆಗೆ ಯಾರ್ಯಾರು ಬಂದು ನೋಡಿದರು ಎಂಬುದು ಯಾವ ದಿನದಿಂದ ಅವರಿಗೆ ಬಿಡದೆ ನೆನಪಿದೆ, ಅದು ಪೆಟ್ಟಾದ ಎಷ್ಟನೇ ದಿನ? ಕಣ್ಣು ತೆರೆದ ದಿನವನ್ನೋ ಮಾತಾಡಿದ ದಿನವನ್ನೋ ಲೆಕ್ಕಕ್ಕೆ ಹಿಡಿಯಬೇಡಿ. ಮಾತಾಡುತ್ತಿದ್ದರೂ ನೆನಪು ಕೂಡಿಕೊಳ್ಳದ ದಿನಗಳು ಇರುತ್ತವೆ. ಆ ದಿನಗಳ ಕೂಗಾಟ, ನಳಿಕೆ ಕಿತ್ತುಹಾಕಿದ್ದು, ಬೈದದ್ದು ಯಾವುದೂ ಮುಂದಿನ ಸ್ವಭಾವದ ಮುನ್ಸೂಚನೆ ಅಲ್ಲ.

ಸ್ಕ್ಯಾನ್ ವರದಿಯಲ್ಲಿ ಫ್ರಾಂಟಲ್, ಟೆಂಪೊರಲ್ ಎಂಬ ಪದಗಳು ಇವೆಯೇ ನೋಡಿ. ಹಣೆಯ ಹಿಂದಿನ ಭಾಗ ಫ್ರಾಂಟಲ್, ಕಿವಿಯ ಮೇಲ್ಗಡೆ ಇರುವುದು ಟೆಂಪೊರಲ್. ತಲೆಯ ಹಿಂಬದಿಗೆ ಪೆಟ್ಟು ಬಿದ್ದಿದ್ದರೂ ಹಾನಿ ಹೆಚ್ಚಾಗಿ ಆಗುವುದು ಇಲ್ಲಿಯೇ, ಏಕೆಂದರೆ ತಲೆಬುರುಡೆಯ ತಳ ಮುಂಭಾಗದಲ್ಲಿ ಒರಟು ಏಣುಗಳಿಂದ ಕೂಡಿದೆ. ಮಿದುಳು ಜಾರಿ ಅದಕ್ಕೆ ಉಜ್ಜಿಕೊಳ್ಳುತ್ತದೆ. ಫ್ರಾಂಟಲ್‌ನ ಅಡಿಮೈಗೆ ಹಾನಿಯಾದರೆ ಮಾತು, ಆಸೆ, ಕೋಪಗಳ ಮೇಲಿನ ಹಿಡಿತ ತಪ್ಪುತ್ತದೆ. ಒಳಮಗ್ಗುಲಿಗೆ ಆದರೆ ತಾನಾಗಿ ಏನನ್ನೂ ಶುರು ಮಾಡಲಾಗದ ಮಂಕು ಬರುತ್ತದೆ. ಹೊರಮೈಗೆ ಆದರೆ ಯೋಜನೆ ಹಾಕುವುದು, ಕೆಲಸವನ್ನು ಕ್ರಮವಾಗಿ ಮಾಡುವುದು ಕೆಡುತ್ತದೆ. ಎಷ್ಟೋ ಜನರಲ್ಲಿ ಮೂರೂ ಬೆರೆತಿರುತ್ತವೆ.

"ಸಿಟಿ ಸ್ಕ್ಯಾನ್ ನಾರ್ಮಲ್, ಹಾಗಾದರೆ ಇದೆಲ್ಲ ನಾಟಕವೇ?" ಎಂದು ಕೇಳುವವರಿದ್ದಾರೆ. ಅಲ್ಲ. ತಲೆ ರಭಸವಾಗಿ ತಿರುಚಿಕೊಂಡಾಗ ಮಿದುಳಿನ ಸೂಕ್ಷ್ಮ ನರತಂತುಗಳು ಹಿಗ್ಗಿ ಹರಿಯುತ್ತವೆ. ಸಿಟಿಯಲ್ಲಿ ಅದು ಕಾಣದೇ ಹೋಗುವುದು ಸಾಮಾನ್ಯ, ಎಂಆರ್‌ಐನಲ್ಲೂ ಪೂರ್ತಿ ಕಾಣದು.

ಇನ್ನೊಂದು ಪರೀಕ್ಷೆ ಮನೆಯಲ್ಲೇ ಆಗುತ್ತದೆ: ವಾಸನೆ. ಕಣ್ಣು ಮುಚ್ಚಿಸಿ ಸೋಪು, ಕಾಫಿಪುಡಿ ಹಿಡಿದು ಕೇಳಿ. ವಾಸನೆ ತಿಳಿಯದಿದ್ದರೆ ಫ್ರಾಂಟಲ್‌ನ ಅಡಿಮೈಗೂ ಪೆಟ್ಟಾಗಿರುವ ಸಂಭವ ಹೆಚ್ಚು; ಅದಕ್ಕಂಟಿಕೊಂಡೇ ವಾಸನೆಯ ನರ ಹಾದುಹೋಗುತ್ತದೆ. ಇಂಥವರಿಗೆ ಗ್ಯಾಸ್ ಸೋರಿಕೆ, ಹೊಗೆ, ಹಳಸಿದ ಅಡುಗೆ ಯಾವುದೂ ಗೊತ್ತಾಗುವುದಿಲ್ಲ. ಒಲೆಯ ಹತ್ತಿರ ಒಬ್ಬರನ್ನೇ ಬಿಡಬೇಡಿ.

ಹಂತ 2: ಸ್ವಭಾವ ಎನ್ನುವ ಮುಂಚೆ ದೇಹವನ್ನು ನೋಡಿ

ಈ ಹಂತವನ್ನು ಹಾರಿಸಿ ಮುಂದೆ ಹೋಗುವವರೇ ಹೆಚ್ಚು. ಸರಿಪಡಿಸಬಹುದಾದ ಎಷ್ಟೋ ಕಾರಣಗಳು ಇಲ್ಲಿಯೇ ಸಿಗುತ್ತವೆ.

ಮೊದಲು ಮಾತ್ರೆ. ಫಿಟ್ಸ್ ಬಾರದಂತೆ ಕೊಡುವ ಲೆವೆಟಿರಾಸಿಟಾಮ್ ಕೆಲವರಲ್ಲಿ ಸಿಡುಕು, ಜಗಳಗಂಟತನ, ಖಿನ್ನತೆ ತರುತ್ತದೆ; ಇದು ಗೊತ್ತಿರುವ ಅಡ್ಡಪರಿಣಾಮ. ಮಾತ್ರೆ ಶುರುವಾದ ತಾರೀಖನ್ನೂ ಕೋಪ ಹೆಚ್ಚಾದ ತಾರೀಖನ್ನೂ ಪಕ್ಕಪಕ್ಕ ಇಟ್ಟು ನೋಡಿ. ತಾಳೆಯಾದರೆ ನೀವಾಗಿ ನಿಲ್ಲಿಸಬೇಡಿ, ದಿಢೀರನೆ ಬಿಟ್ಟರೆ ಫಿಟ್ಸ್ ಬರಬಹುದು. ವೈದ್ಯರಿಗೆ ಹೇಳಿ, ಬದಲಿ ಔಷಧಿಗಳಿವೆ. ಸ್ಟಿರಾಯ್ಡ್ ಮತ್ತು ನಿದ್ರೆ ಮಾತ್ರೆಗಳನ್ನೂ ಇದೇ ರೀತಿ ತಾಳೆ ನೋಡಿ.

ಎರಡನೆಯದು ಹಾರ್ಮೋನು. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಗೂ ಪೆಟ್ಟಾಗಿರಬಹುದು. ತಡೆಯಲಾರದ ಸುಸ್ತು, ಯಾವುದರಲ್ಲೂ ಮನಸ್ಸಿಲ್ಲ, ಲೈಂಗಿಕ ಆಸಕ್ತಿ ಇಲ್ಲ, ಮುಟ್ಟು ನಿಂತಿದೆ, ಚಳಿ ತಡೆಯಲಾಗದು, ತೂಕ ಏರುಪೇರು ಎಂದರೆ ಬೆಳಗಿನ ಕಾರ್ಟಿಸಾಲ್, ಥೈರಾಯ್ಡ್ ಮತ್ತು ಲೈಂಗಿಕ ಹಾರ್ಮೋನುಗಳ ರಕ್ತಪರೀಕ್ಷೆ ಮಾಡಿಸಬೇಕೇ ಎಂದು ನೀವೇ ಕೇಳಿ. ಖಿನ್ನತೆ ಎಂದು ತಿಂಗಳುಗಟ್ಟಲೆ ಮಾತ್ರೆ ನುಂಗಿದ ಮೇಲೆ ಇದು ಹೊರಬೀಳುವುದುಂಟು.

ಮೂರನೆಯದು ಫಿಟ್ಸ್. ಎಲ್ಲ ಫಿಟ್ಸ್‌ನಲ್ಲೂ ಕೈಕಾಲು ಅದುರುವುದಿಲ್ಲ. ಇದ್ದಕ್ಕಿದ್ದಂತೆ ಶೂನ್ಯದೃಷ್ಟಿ, ತುಟಿ ಚಪ್ಪರಿಸುವುದು, ಬಟ್ಟೆ ಹಿಸುಕುವುದು, ಒಂದೆರಡು ನಿಮಿಷದಲ್ಲಿ ಮುಗಿದು ಮಂಪರು, ಆಮೇಲೆ ಅದರ ನೆನಪೇ ಇಲ್ಲ: ಹೀಗಿದ್ದರೆ ಫೋನಿನಲ್ಲಿ ವಿಡಿಯೋ ಮಾಡಿ ನರರೋಗ ತಜ್ಞರಿಗೆ ತೋರಿಸಿ.

ನೋವು, ಮಲಬದ್ಧತೆ, ಮೂತ್ರದ ಸೋಂಕು, ಮಸುಕಾದ ದೃಷ್ಟಿ, ಗೊರಕೆಯ ನಡುವೆ ಉಸಿರು ನಿಲ್ಲುವುದು. ಹೇಳಿಕೊಳ್ಳಲು ಬಾರದವರಲ್ಲಿ ಇವೆಲ್ಲ ಕೋಪವಾಗಿಯೇ ಹೊರಬರುತ್ತವೆ.

ಅದೇ ದಿನ ಆಸ್ಪತ್ರೆಗೆ ಓಡಬೇಕಾದ ಲಕ್ಷಣಗಳು: ಏರುತ್ತಲೇ ಹೋಗುವ ತಲೆನೋವು ಮತ್ತು ವಾಂತಿ, ಎಬ್ಬಿಸಿದರೂ ಏಳದ ನಿದ್ದೆ, ಹೊಸದಾಗಿ ಒಂದು ಪಕ್ಕ ಬಲಹೀನ, ಫಿಟ್ಸ್, ಬಗ್ಗಿದಾಗ ಮೂಗಿನಿಂದ ನೀರಿನಂಥ ದ್ರವ. ವಯಸ್ಸಾದವರಲ್ಲಿ, ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ಮಿದುಳಿನ ಹೊದಿಕೆಯ ಕೆಳಗೆ ರಕ್ತ ನಿಧಾನವಾಗಿ ಶೇಖರವಾಗಿ, ವಾರಗಳಾದ ಮೇಲೆ ಗೊಂದಲ, ಮಂಕು ಶುರುವಾಗಬಹುದು. ಕಾಲು ನೆಲಕ್ಕೆ ಅಂಟಿದಂಥ ನಡಿಗೆ, ಮೂತ್ರ ಹಿಡಿದುಕೊಳ್ಳಲಾಗದಿರುವುದು, ಯೋಚನೆ ನಿಧಾನವಾಗುವುದು ಈ ಮೂರೂ ಒಟ್ಟಿಗೆ ಕಂಡರೆ ಮಿದುಳಿನಲ್ಲಿ ನೀರು ತುಂಬಿಕೊಂಡಿರಬಹುದು. ಎರಡಕ್ಕೂ ಚಿಕಿತ್ಸೆ ಇದೆ.

ಹಂತ 3: ಎರಡು ವಾರ ಬರೆದಿಡಿ

ನೋಟ್‌ಬುಕ್‌ನಲ್ಲಿ ಮೂರು ಕಾಲಂ ಎಳೆಯಿರಿ. ಮುಂಚೆ ಏನಿತ್ತು, ಅವರು ಏನು ಮಾಡಿದರು, ಆಮೇಲೆ ನಾವು ಏನು ಮಾಡಿದೆವು.

"ಸಂಜೆ ಕೋಪ ಮಾಡಿಕೊಂಡರು" ಎಂದು ಬರೆದರೆ ಪ್ರಯೋಜನವಿಲ್ಲ. ಹೀಗಿರಬೇಕು: "6.40. ಟಿವಿ ಹಾಕಿತ್ತು. ಸ್ನಾನಕ್ಕೆ ಏಳಿ ಎಂದು ಇಬ್ಬರು ಒಟ್ಟಿಗೆ ಹೇಳಿದೆವು. ಮಧ್ಯಾಹ್ನ ಮಲಗಿರಲಿಲ್ಲ. / ರಿಮೋಟ್ ಎಸೆದು ಬೈದರು, 4 ನಿಮಿಷ. / ಸ್ನಾನ ಬೇಡ ಎಂದು ಬಿಟ್ಟೆವು." ಹೊಡೆಯಲು ಬಂದರು ಎಂದೂ ಹೊಡೆದರು ಎಂದೂ ಬರೆಯುವುದರಲ್ಲಿ ವ್ಯತ್ಯಾಸ ಇರಲಿ. ನಿದ್ದೆ ಎಷ್ಟು ಗಂಟೆ ಎಂದು ದಿನಾ ಬರೆಯಿರಿ. ಚೆನ್ನಾಗಿದ್ದ ಹೊತ್ತನ್ನೂ ಬರೆಯಿರಿ. ಅದನ್ನೇ ಎಲ್ಲರೂ ಬಿಡುತ್ತಾರೆ, ದಾರಿ ತೋರಿಸುವುದು ಅದೇ.

ಹದಿನಾಲ್ಕು ದಿನ ಆದ ಮೇಲೆ ಗಂಟೆಯ ಲೆಕ್ಕದಲ್ಲಿ ಎಣಿಸಿ. ಬಹುತೇಕ ಮನೆಗಳಲ್ಲಿ ಒಂದೆರಡು ಹೊತ್ತು, ಮೂರ್ನಾಲ್ಕು ಕಾರಣ ಎದ್ದು ಕಾಣುತ್ತವೆ: ಸುಸ್ತು, ಗದ್ದಲ, ಅವಸರ, ಏಕಕಾಲಕ್ಕೆ ಎರಡು ಮಾತು, ಬರುವುದಿಲ್ಲ ಎಂದು ಗೊತ್ತಾದ ಕೆಲಸ. ಮೂರನೇ ಕಾಲಂ ಇನ್ನೂ ಕಹಿ ಸತ್ಯ ಹೇಳಬಹುದು. ಕೂಗಿದಾಗಲೆಲ್ಲ ಬೇಡದ ಕೆಲಸ ತಪ್ಪುತ್ತಿದ್ದರೆ, ಕೂಗುವುದನ್ನು ಅಭ್ಯಾಸ ಮಾಡಿಸುತ್ತಿರುವವರು ನಾವೇ.

ಹಂತ 4: ಯಾವ ಬಗೆಯ ಬದಲಾವಣೆ ಎಂದು ಗುರುತಿಸಿ

ಎಲ್ಲವನ್ನೂ "ತಲೆ ಸರಿಯಿಲ್ಲ" ಎಂಬ ಒಂದೇ ಮಾತಿನಲ್ಲಿ ಕಟ್ಟಿಹಾಕಿದರೆ ಉಪಾಯ ಹೊಳೆಯುವುದಿಲ್ಲ. ಬಗೆ ಬೇರೆಯಾದರೆ ಮದ್ದೂ ಬೇರೆ.

ಹಿಡಿತ ತಪ್ಪಿದ ಬಗೆ. ಮನಸ್ಸಿಗೆ ಬಂದದ್ದು ತಕ್ಷಣ ಬಾಯಿಗೆ, ಕೈಗೆ ಬರುತ್ತದೆ. ಅಪರಿಚಿತರ ಮುಂದೆ ಮನೆ ಗುಟ್ಟು, ಅಸಭ್ಯ ಮಾತು, ಯೋಚಿಸದೆ ಖರ್ಚು. ಮನಸ್ಸಿನಲ್ಲಿ ಇದ್ದದ್ದೇ ಹೊರಬಂತು, ಇದೇ ಇವರ ನಿಜರೂಪ ಎಂದು ನೊಂದುಕೊಳ್ಳಬೇಡಿ. ಎಲ್ಲರಿಗೂ ಹೊಳೆಯುವ ಅಡ್ಡಾದಿಡ್ಡಿ ಯೋಚನೆಗಳನ್ನು ಸೋಸುವ ಜರಡಿ ಹರಿದಿದೆ, ಅಷ್ಟೆ.

ಚಾಲನೆ ಇಲ್ಲದ ಬಗೆ. ಎಬ್ಬಿಸಿದರೆ ಏಳುತ್ತಾರೆ, ಊಟ ಕೊಟ್ಟರೆ ಉಣ್ಣುತ್ತಾರೆ, ತಾವಾಗಿ ಏನೂ ಇಲ್ಲ. ಇದನ್ನು ಅಪಥಿ ಎನ್ನುತ್ತಾರೆ. ಸೋಮಾರಿತನ ಎಂದು ಬೈಸಿಕೊಳ್ಳುವುದು ಇದೇ, ಖಿನ್ನತೆ ಎಂದು ತಪ್ಪಾಗಿ ತಿಳಿಯುವುದೂ ಇದನ್ನೇ. ಬೇರ್ಪಡಿಸಲು ಮೂರು ಪ್ರಶ್ನೆ: ದುಃಖ ಇದೆಯೇ? ತನ್ನನ್ನು ತಾನು ಹಳಿದುಕೊಳ್ಳುತ್ತಾರೆಯೇ? ಕೈಹಿಡಿದು ಶುರು ಮಾಡಿಸಿದರೆ ಕೆಲಸ ಸಾಗುತ್ತದೆಯೇ? ಖಿನ್ನತೆಯಲ್ಲಿ ಮೊದಲೆರಡಕ್ಕೆ ಹೌದು ಎಂಬ ಉತ್ತರ ಬರುತ್ತದೆ. ಅಪಥಿಯಲ್ಲಿ ಮೊದಲೆರಡಕ್ಕೆ ಇಲ್ಲ, ಮೂರನೆಯದಕ್ಕೆ ಹಲವು ಸಲ ಹೌದು. ಎರಡೂ ಒಟ್ಟಿಗೆ ಇರುವುದೂ ಉಂಟು. ಅನುಮಾನವಿದ್ದರೆ ತಜ್ಞರಿಗೆ ಬಿಡಿ.

ಅಳು ಅಥವಾ ನಗು ಉಕ್ಕುವ ಬಗೆ. ಚಿಕ್ಕ ಕಾರಣಕ್ಕೆ, ಕಾರಣವೇ ಇಲ್ಲದೆಯೂ ಅಳು ಅಥವಾ ನಗು ನುಗ್ಗಿ ಬರುತ್ತದೆ, ತಡೆಯಲಾಗುವುದಿಲ್ಲ, ಸ್ವಲ್ಪ ಹೊತ್ತಿಗೆ ಥಟ್ಟನೆ ನಿಲ್ಲುತ್ತದೆ. ಒಳಗಿನ ಭಾವಕ್ಕೂ ಹೊರಗಿನ ಅಳುವಿಗೂ ಅಳತೆ ಹೊಂದುವುದಿಲ್ಲ. ಸಮಾಧಾನ ಹೇಳಹೋದರೆ ಹೆಚ್ಚಾಗುತ್ತದೆ. ವಿಷಯ ಬದಲಿಸಿ, ನಿಧಾನ ಉಸಿರು ಎಳೆಯಲು ಹೇಳಿ, ಕೂತ ಭಂಗಿ ಬದಲಿಸಿ. ಇದಕ್ಕೆ ಔಷಧಿ ಇದೆ, ಚೆನ್ನಾಗಿ ಕೆಲಸವನ್ನೂ ಮಾಡುತ್ತದೆ.

ಭಾವ ಓದಲಾಗದ ಬಗೆ. ಎದುರಿನವರ ಮುಖ, ದನಿಯ ಏರಿಳಿತ, ವ್ಯಂಗ್ಯ ಅರ್ಥವಾಗುವುದಿಲ್ಲ. ನೀವು ಅಳುತ್ತಿದ್ದರೂ ಊಟ ಯಾವಾಗ ಎಂದು ಕೇಳುತ್ತಾರೆ. ಪ್ರೀತಿಯೇ ಸತ್ತಿದೆ ಎಂದು ಸಂಗಾತಿ ಕುಸಿಯುವುದು ಇಲ್ಲಿ. ಮುಖ ನೋಡಿ ಅರ್ಥಮಾಡಿಕೊಳ್ಳಲಿ ಎಂದು ಕಾಯಬೇಡಿ, ಬಾಯಿಬಿಟ್ಟು ಹೇಳಿ: "ನನಗೆ ಬೇಜಾರಾಗಿದೆ. ಐದು ನಿಮಿಷ ಪಕ್ಕದಲ್ಲಿ ಕೂತಿರಿ."

ಅರಿವು ಇಲ್ಲದಿರುವುದು. "ನನಗೇನಾಗಿದೆ? ನಾನು ಸರಿಯಾಗೇ ಇದ್ದೀನಿ." ಇದು ಹಠ ಅಲ್ಲ, ಮುಚ್ಚಿಡುವುದೂ ಅಲ್ಲ. ತನ್ನ ಕೊರತೆಯನ್ನು ಗಮನಿಸುವ ವ್ಯವಸ್ಥೆಗೇ ಪೆಟ್ಟಾಗಿರುತ್ತದೆ. ಸಹಾಯ ಕೇಳಿಕೊಂಡು ಮನೆಯವರೇ ಮೊದಲು ಬರುವುದು ಇದಕ್ಕೇ. ನಡೆಯದ ಸಂಗತಿಯನ್ನು ನಡೆದಂತೆ ಹೇಳುವುದೂ ಇದರ ನೆಂಟನೇ: ನೆನಪಿನ ತೂತನ್ನು ಮಿದುಳು ತಾನೇ ತುಂಬಿಕೊಳ್ಳುತ್ತದೆ, ಹೇಳುವವರಿಗೆ ಅದು ಸುಳ್ಳೆಂದು ಗೊತ್ತಿರುವುದಿಲ್ಲ. ವಾದಕ್ಕಿಳಿಯಬೇಡಿ.

ಹಂತ 5: ಸುತ್ತಲಿನದನ್ನು ಬದಲಿಸಿ

ನೋಟ್‌ಬುಕ್ ತೋರಿಸಿದ ಕಾರಣಗಳಲ್ಲಿ ಒಂದನ್ನು ಮಾತ್ರ ಆರಿಸಿ, ಎರಡು ವಾರ ಅದನ್ನಷ್ಟೇ ಬದಲಿಸಿ. ಒಂದೇ ಸಲ ಹತ್ತು ಬದಲಿಸಿದರೆ ಯಾವುದು ಫಲ ಕೊಟ್ಟಿತು ಎಂದು ತಿಳಿಯದು, ಅವರಿಗೂ ದಿಕ್ಕು ತಪ್ಪುತ್ತದೆ.

ಸುಸ್ತಿನಿಂದ ಶುರು ಮಾಡುವುದು ಲೇಸು. ಪೆಟ್ಟಾದ ಮಿದುಳಿಗೆ ಮೊದಲು ತಾನಾಗಿ ಆಗುತ್ತಿದ್ದ ಕೆಲಸಕ್ಕೂ ಪ್ರಯತ್ನ ಬೇಕು. ಸಂಜೆಯ ಹೊತ್ತಿಗೆ ಶಕ್ತಿ ಬರಿದಾಗಿರುತ್ತದೆ. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಎಂದು 20–30 ನಿಮಿಷದ ವಿಶ್ರಾಂತಿ ಇಡಿ. ಸುಸ್ತಾದ ಮೇಲಲ್ಲ, ಸುಸ್ತಾಗುವ ಮುಂಚೆ. ಟಿವಿ, ಫೋನು ವಿಶ್ರಾಂತಿಯ ಲೆಕ್ಕಕ್ಕೆ ಬರುವುದಿಲ್ಲ. ಮೂರು ಗಂಟೆಯ ನಂತರ ಮಲಗಲು ಬಿಟ್ಟರೆ ರಾತ್ರಿಯ ನಿದ್ದೆ ಕೆಡುತ್ತದೆ. ಕಷ್ಟದ ಕೆಲಸ, ವೈದ್ಯರ ಭೇಟಿ, ಲೆಕ್ಕಪತ್ರದ ಮಾತು ಬೆಳಿಗ್ಗೆಗೇ ಇರಲಿ.

ಮಾತಾಡುವಾಗ ಟಿವಿ ಆರಿಸಿ. ಒಮ್ಮೆಗೆ ಒಬ್ಬರು, ಒಂದು ಮಾತು. ಹೇಳಿ ಹತ್ತು ಸೆಕೆಂಡು ಕಾಯಿರಿ. ಆ ಮೌನ ನಿಮಗೆ ಉದ್ದ ಅನಿಸುತ್ತದೆ, ಅವರಿಗೆ ಬೇಕು. "ಏನು ಬೇಕು?" ಎಂಬ ತೆರೆದ ಪ್ರಶ್ನೆಗಿಂತ "ಇದೋ, ಅದೋ?" ಸುಲಭ. ನೋಡಲು ಬರುವವರು ಒಮ್ಮೆಗೆ ಇಬ್ಬರು, ಅರ್ಧ ಗಂಟೆ ಸಾಕು. ಈ ನಿಯಮವನ್ನು ಬಂಧುಗಳಿಗೆ ಮೊದಲೇ ಹೇಳಿಬಿಡಿ, ಮುನಿಸಿಕೊಂಡರೆ ಮುನಿಸಿಕೊಳ್ಳಲಿ.

ಬಿಳಿ ಬೋರ್ಡಿನಲ್ಲಿ ಇವತ್ತಿನ ವಾರ, ತಾರೀಖು, ಐದಾರು ಕೆಲಸಗಳ ಕ್ರಮ. ದಿನಾ ಅದೇ ಕ್ರಮ. ಈ ವಿಷಯದಲ್ಲಿ ಎಲ್ಲರೂ ಉದಾಹರಿಸುವ ಫಿನಿಯಸ್ ಗೇಜ್‌ನ ಕತೆಯನ್ನು ಅರ್ಧಕ್ಕೇ ನಿಲ್ಲಿಸುವುದು ರೂಢಿ: 1848ರಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿ ರೈಲುದಾರಿಯ ಕೆಲಸ ಮಾಡುವಾಗ ಸ್ಫೋಟವಾಗಿ ಕಬ್ಬಿಣದ ಸಲಾಕೆ ಅವನ ತಲೆಯನ್ನು ಸೀಳಿಕೊಂಡು ಹೋಯಿತು, ಬದುಕಿದ, ಆದರೆ ಬೇರೆ ಮನುಷ್ಯನೇ ಆದ ಎಂದು. ಮುಂದೆ ಅವನು ಚಿಲಿ ದೇಶಕ್ಕೆ ಹೋಗಿ ಹಲವು ವರ್ಷ ಕುದುರೆ ಕೋಚು ಓಡಿಸಿದ. ದಿನವೂ ಅದೇ ಕೆಲಸ, ಅದೇ ಕ್ರಮ. ಕ್ರಮಬದ್ಧವಾದ ಆ ದಿನಚರಿಯೇ ಅವನನ್ನು ಬಹುಮಟ್ಟಿಗೆ ಚೇತರಿಸಿರಬೇಕು ಎಂದು ವಾದಿಸುವ ಸಂಶೋಧಕರಿದ್ದಾರೆ.

ಚಾಲನೆ ಇಲ್ಲದವರಿಗೆ "ಏನಾದರೂ ಮಾಡಿ" ಎನ್ನಬೇಡಿ. ಅಲಾರಾಂ ಹೊಡೆಯಲಿ, ಕೆಲಸದ ಮೊದಲ ಹೆಜ್ಜೆಯನ್ನು ನೀವು ಜೊತೆಗೆ ಮಾಡಿ: ಬ್ರಷ್‌ಗೆ ಪೇಸ್ಟ್ ಹಚ್ಚಿ ಕೈಗೆ ಕೊಡಿ. ಕೆಲವು ವಾರಗಳಲ್ಲಿ ಪೇಸ್ಟ್ ಹಚ್ಚುವುದನ್ನು ಬಿಟ್ಟು ಬ್ರಷ್ ಮಾತ್ರ ಕೊಡಿ, ಆಮೇಲೆ ಅಲಾರಾಂ ಮಾತ್ರ. ಪೂರ್ತಿ ನೀವೇ ಮಾಡಿಬಿಡುವುದು ಬೇಗ ಮುಗಿಯುತ್ತದೆ, ಕೆಡುಕೂ ಅದರಲ್ಲೇ ಇದೆ.

ಮದ್ಯ ಪೂರ್ತಿ ಬಂದ್. ಫಿಟ್ಸ್‌ನ ಅಪಾಯ, ಮತ್ತೆ ಬೀಳುವ ಅಪಾಯ, ಇದ್ದಬದ್ದ ಹಿಡಿತವೂ ಹೋಗುವ ಅಪಾಯ ಮೂರೂ ಅದರಲ್ಲಿವೆ. ಮೊದಲಿಗಿಂತ ಕಡಿಮೆ ಕುಡಿದರೂ ಬೇಗ ಏರುತ್ತದೆ.

ಹಂತ 6: ಕೋಪ ಸ್ಫೋಟಿಸಿದಾಗ

ಸ್ಫೋಟಕ್ಕೆ ಮುಂಚೆ ಬಹುತೇಕರಲ್ಲಿ ಸೂಚನೆ ಇರುತ್ತದೆ: ಕಾಲು ಅಲ್ಲಾಡಿಸುವುದು, ಒಂದೇ ಪ್ರಶ್ನೆ ಮತ್ತೆ ಮತ್ತೆ, ದನಿ ಏರುವುದು, ಮುಖ ಕೆಂಪು. ಅಲ್ಲಿಯೇ ತಡೆದರೆ ಅರ್ಧ ಕೆಲಸ ಮುಗಿಯಿತು. ಶಾಂತವಾಗಿದ್ದ ಹೊತ್ತಿನಲ್ಲಿ ಒಂದು ಒಪ್ಪಂದ ಮಾಡಿಕೊಳ್ಳಿ. ಇಬ್ಬರಲ್ಲಿ ಯಾರೇ "ಬ್ರೇಕ್" ಎಂದರೂ ಮಾತು ಅಲ್ಲಿಗೆ ನಿಲ್ಲಬೇಕು, ಅವರು ಗೊತ್ತುಮಾಡಿದ ಕೋಣೆಗೆ ಹೋಗಬೇಕು. ಇದು ಶಿಕ್ಷೆ ಅಲ್ಲ. ಕೋಣೆಗೆ ಹೊರಗಿನಿಂದ ಚಿಲಕ ಹಾಕಬೇಡಿ.

ಸ್ಫೋಟಿಸಿಯೇ ಬಿಟ್ಟರೆ:

1. ದನಿ ತಗ್ಗಿಸಿ. ಎರಡು ತೋಳು ದೂರ ಸರಿದು, ಎದುರಿಗಲ್ಲ, ಪಕ್ಕಕ್ಕೆ ನಿಲ್ಲಿ. ಬಾಗಿಲಿಗೆ ಅಡ್ಡ ನಿಲ್ಲಬೇಡಿ. ನಿಮಗೂ ಅವರಿಗೂ ದಾರಿ ಇರಲಿ.
2. ಮುಟ್ಟಬೇಡಿ. ಮಕ್ಕಳನ್ನು ಬೇರೆ ಕೋಣೆಗೆ ಕಳಿಸಿ.
3. ಒಂದೇ ವಾಕ್ಯ: "ಸರಿ, ಆಮೇಲೆ ಮಾತಾಡೋಣ." ಯಾಕೆ, ಏನು, ನಾನು ಹೇಳಿದ್ದೇನು ಎಂಬ ವಿವರಣೆ ಬೇಡ. ಆ ಹೊತ್ತಿನಲ್ಲಿ ತರ್ಕ ಕಿವಿಗೆ ಬೀಳುವುದಿಲ್ಲ.
4. ಕೈಮಾಡುವ ಹಂತಕ್ಕೆ ಬಂದರೆ ಹೊರಗೆ ಹೋಗಿ, ಸಹಾಯಕ್ಕೆ ಕರೆಯಿರಿ. ಪೆಟ್ಟಿನಿಂದ ಹೀಗಾಗಿದೆ ಎಂಬ ಕಾರಣಕ್ಕೆ ಏಟು ತಿನ್ನಬೇಕಾಗಿಲ್ಲ.
5. ತಣ್ಣಗಾದ ಮೇಲೂ ಅರ್ಧ ಗಂಟೆ ಆ ವಿಷಯ ಎತ್ತಬೇಡಿ. ಎರಡನೇ ಸ್ಫೋಟ ಆಗುವುದು ಈ ಅವಸರದಿಂದಲೇ.

ಹಂತ 7: ತಿದ್ದುವುದಾದರೆ ಹೀಗೆ ತಿದ್ದಿ

ತಕ್ಷಣ, ಚಿಕ್ಕದಾಗಿ, ಬೇರೆಯವರಿಗೆ ಕೇಳಿಸದಂತೆ, ಏನು ಮಾಡಬೇಕು ಎಂಬುದನ್ನು ಹೇಳಿ. "ಹಾಗೆಲ್ಲ ಆಡಬೇಡಿ" ಎಂದರೆ ಯಾವುದನ್ನು ಎಂದು ತಿಳಿಯದು. "ದನಿ ಜೋರಾಯಿತು, ತಗ್ಗಿಸಿ" ಎಂದರೆ ತಿಳಿಯುತ್ತದೆ. ಸಂಜೆ ಕೂರಿಸಿಕೊಂಡು ಬೆಳಗಿನ ತಪ್ಪಿಗೆ ಪಾಠ ಮಾಡುವುದು ವ್ಯರ್ಥ. ಅಸಭ್ಯ ಮಾತಿಗೆ ನಗಲೂ ಬೇಡಿ, ಕಿರುಚಲೂ ಬೇಡಿ. "ಆ ಮಾತು ಬೇಡ" ಎಂದು ಸಪ್ಪೆ ದನಿಯಲ್ಲಿ ಹೇಳಿ, ವಿಷಯ ಬದಲಿಸಿ. ಮನೆಯಲ್ಲಿ ಎಲ್ಲರ ಪ್ರತಿಕ್ರಿಯೆಯೂ ಒಂದೇ ಆಗಿರಬೇಕು. ಒಬ್ಬರು ನಕ್ಕರೂ ಅಭ್ಯಾಸ ಉಳಿಯುತ್ತದೆ. ಗಮನ ಕೊಡುವುದನ್ನು ನಿಲ್ಲಿಸಿದ ಮೊದಲ ಕೆಲವು ದಿನ ಆ ವರ್ತನೆ ಹೆಚ್ಚಾಗುತ್ತದೆ. ಉಪಾಯ ಫಲಿಸಲಿಲ್ಲ ಎಂದು ಕೈಬಿಡುವವರು ಬಿಡುವುದು ಸರಿಯಾಗಿ ಆಗಲೇ.

ಅರಿವು ಬರಿಸಲು ತಪ್ಪುಗಳ ಪಟ್ಟಿ ಓದಿ ಹೇಳುವುದಕ್ಕಿಂತ ಮುನ್ನಂದಾಜು ಒಳ್ಳೆಯದು. ಕೆಲಸಕ್ಕೆ ಮುಂಚೆ ಕೇಳಿ: "ಇದು ಎಷ್ಟು ನಿಮಿಷ ಆಗಬಹುದು? ಎಷ್ಟು ಸಲ ಸಹಾಯ ಬೇಕಾಗಬಹುದು?" ಅವರ ಕೈಯಲ್ಲೇ ಬರೆಸಿ. ಮುಗಿದ ಮೇಲೆ ನಿಜವಾಗಿ ಆದದ್ದನ್ನು ಪಕ್ಕದಲ್ಲಿ ಅವರೇ ಬರೆಯಲಿ. ನೀವು ಏನೂ ಸೇರಿಸಬೇಡಿ. ವಾರಕ್ಕೆ ಮೂರ್ನಾಲ್ಕು ಸಲ, ಅಪಾಯವಿಲ್ಲದ ಕೆಲಸಗಳಲ್ಲಿ ಸಾಕು. ಮೊದಲು ಬರುವುದು ಹೇಳಿದರೆ ಒಪ್ಪುವ ಅರಿವು. ಆಮೇಲೆ, ತಪ್ಪುತ್ತಿರುವಾಗಲೇ ಗಮನಿಸುವ ಅರಿವು. ಕೊನೆಗೆ, ಮುಂಚೆಯೇ ಊಹಿಸಿ ಎಚ್ಚರ ವಹಿಸುವ ಅರಿವು. ಎಲ್ಲರೂ ಮೂರನೆಯದನ್ನು ತಲುಪುವುದಿಲ್ಲ.

ಹಂತ 8: ದುಃಖದ ಮೇಲೆ ಕಣ್ಣಿಟ್ಟಿರಿ

ಅರಿವು ಬಂದ ಹಿಂದೆಯೇ ದುಃಖ ಬರಬಹುದು. ಮನೆಗೆ ಬಂದಾಗ ನಗುನಗುತ್ತ ಇದ್ದವರು ತಿಂಗಳುಗಳಾದ ಮೇಲೆ, ಕೆಲಸಕ್ಕೆ ಮರಳಲು ನೋಡಿ ಸೋತ ಮೇಲೆ ಕುಸಿಯುತ್ತಾರೆ. ಪೆಟ್ಟಿಗಾಗಿ ಆಸ್ಪತ್ರೆ ಸೇರಿದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಮೊದಲ ವರ್ಷದಲ್ಲಿ ಖಿನ್ನತೆ ಬರುತ್ತದೆ ಎಂದು ದೊಡ್ಡ ಅಧ್ಯಯನವೊಂದು ಕಂಡುಕೊಂಡಿದೆ. ಹೀಗಾಗಿರುವಾಗ ಬೇಜಾರು ಸಹಜ ತಾನೇ ಎಂದು ಸುಮ್ಮನಿರಬೇಡಿ. ಎರಡು ವಾರ ಬಿಡದೆ ದುಃಖ, ಆಸಕ್ತಿ ಇಲ್ಲದಿರುವುದು, ಊಟ ನಿದ್ದೆ ಕೆಡುವುದು, ನಾನು ಹೊರೆ ಎಂಬ ಮಾತು ಕಂಡರೆ ಮನೋವೈದ್ಯರನ್ನು ಕಾಣಿ.

ಮಾತಿನ ಚಿಕಿತ್ಸೆ ಇವರಿಗೂ ಆಗುತ್ತದೆ, ಆದರೆ ಅಳವಡಿಸಿಕೊಳ್ಳಬೇಕು: ಒಂದು ಗಂಟೆಯ ಬದಲು ಅರ್ಧ ಗಂಟೆ, ಪ್ರತಿ ಸಲ ಬರಹದಲ್ಲಿ ಸಾರಾಂಶ, ಕೊನೆಯ ಐದು ನಿಮಿಷಕ್ಕೆ ಮನೆಯವರೊಬ್ಬರು. ವೈದ್ಯರು ಒಪ್ಪಿದರೆ ದಿನಾ 20–30 ನಿಮಿಷ ನಡಿಗೆ.

ಆತ್ಮಹತ್ಯೆಯ ಅಪಾಯ ಇವರಲ್ಲಿ ಉಳಿದವರಿಗಿಂತ ಹೆಚ್ಚು. ಹಿಡಿತ ತಪ್ಪಿದ ಸ್ವಭಾವವೂ ಖಿನ್ನತೆಯೂ ಕೂಡಿದರೆ ಇನ್ನೂ ಹೆಚ್ಚು. ನೇರವಾಗಿ ಕೇಳಿ: "ಸಾಯಬೇಕು ಅನಿಸುತ್ತಿದೆಯಾ?" ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಒಬ್ಬರನ್ನೇ ಬಿಡದೆ ಅದೇ ದಿನ ವೈದ್ಯರ ಬಳಿಗೆ ಅಥವಾ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ. ಮಾತ್ರೆ, ಕೀಟನಾಶಕ, ಆಯುಧ ಬೀಗದೊಳಗಿರಲಿ.

ಹಂತ 9: ಔಷಧಿಯ ಬಗ್ಗೆ

ಇಂತಿಷ್ಟು ದಿನ ನುಂಗಿದರೆ ಸ್ವಭಾವ ಮರಳುತ್ತದೆ ಎನ್ನುವ ಮಾತ್ರೆ ಇಲ್ಲ. ಖಿನ್ನತೆಗೂ ಅಳು ಉಕ್ಕುವುದಕ್ಕೂ ಸರ್ಟ್ರಲಿನ್‌ನಂಥವು, ಆಕ್ರಮಣಕಾರಿ ಕೋಪಕ್ಕೆ ಪ್ರೊಪ್ರನೊಲಾಲ್, ಗಮನ ಮತ್ತು ಚಾಲನೆಗೆ ಮೀಥೈಲ್‌ಫೆನಿಡೇಟ್ ಅಥವಾ ಅಮಾಂಟಡಿನ್ ಬಳಸುವುದುಂಟು. ಪ್ರೊಪ್ರನೊಲಾಲ್ ಅಸ್ತಮಾ ಇದ್ದವರಿಗೆ ಆಗದು, ಮೊದಲೇ ಹೇಳಿ. ಪೆಟ್ಟಾದ ಮಿದುಳು ಔಷಧಿಗೆ ಸೂಕ್ಷ್ಮ. ಆದ್ದರಿಂದ ಒಮ್ಮೆಗೆ ಒಂದೇ ಔಷಧಿ, ಕಡಿಮೆ ಪ್ರಮಾಣದಿಂದ ಶುರು, ನಿಧಾನ ಏರಿಕೆ. ಖಿನ್ನತೆಯ ಮಾತ್ರೆಯ ಫಲ ತಿಳಿಯಲು ನಾಲ್ಕರಿಂದ ಆರು ವಾರ ಬೇಕು. ಡಯಾಜೆಪಾಂ ಜಾತಿಯ ಮಾತ್ರೆ, ಹೆಲೊಪೆರಿಡಾಲ್‌ನಂಥವನ್ನು ಶಾಂತವಾಗಿರಲಿ ಎಂದು ತಿಂಗಳುಗಟ್ಟಲೆ ಕೊಡುತ್ತಿದ್ದರೆ, ಇನ್ನೂ ಬೇಕೇ ಎಂದು ಕೇಳಿ. ಅವು ಯೋಚನೆಯನ್ನು ಮಂದ ಮಾಡುತ್ತವೆ, ಚೇತರಿಕೆಗೂ ಅಡ್ಡಿಯಾಗಬಹುದು.

ವೈದ್ಯರ ಮುಂದೆ "ತುಂಬಾ ಕೋಪ" ಎನ್ನಬೇಡಿ. ನೋಟ್‌ಬುಕ್ ತೋರಿಸಿ: ವಾರಕ್ಕೆ ಒಂಬತ್ತು ಸಲ ಇದ್ದದ್ದು ನಾಲ್ಕಕ್ಕೆ ಇಳಿದಿದೆ, ಅಥವಾ ಇಳಿದಿಲ್ಲ. ಅವರು ವೈದ್ಯರ ಎದುರು ಹತ್ತು ನಿಮಿಷ ಅಚ್ಚುಕಟ್ಟಾಗಿಯೇ ಮಾತಾಡುವುದರಿಂದ ನಿಮ್ಮ ಮಾತನ್ನು ಯಾರೂ ನಂಬದಿರುವ ಸಂದರ್ಭ ಬರುತ್ತದೆ; ಆಗ ಬರಹವೇ ಆಧಾರ. ನರರೋಗ ತಜ್ಞರು ಸ್ಕ್ಯಾನ್, ಫಿಟ್ಸ್ ನೋಡುತ್ತಾರೆ. ವರ್ತನೆಗೆ ಮನೋವೈದ್ಯರು, ನೆನಪು ಗಮನಗಳ ವಿವರವಾದ ಪರೀಕ್ಷೆಗೆ ನ್ಯೂರೋ ಸೈಕಾಲಜಿಸ್ಟ್, ದಿನಚರಿಯನ್ನು ಮತ್ತೆ ಕಟ್ಟಲು ಆಕ್ಯುಪೇಷನಲ್ ಥೆರಪಿಸ್ಟ್ ಬೇಕು. ಒಬ್ಬರೇ ಎಲ್ಲ ನೋಡಲಿ ಎಂದರೆ ಆಗುವುದಿಲ್ಲ.

ಹಂತ 10: ಹಣ, ವಾಹನ, ಮಕ್ಕಳು, ನೀವು

ವೈದ್ಯರು ಪರೀಕ್ಷಿಸಿ ಒಪ್ಪುವವರೆಗೆ ವಾಹನ ಓಡಿಸುವುದು ಬೇಡ. ಫಿಟ್ಸ್ ಬಂದಿದ್ದರೆ ಕಾನೂನಿನ ನಿರ್ಬಂಧವೂ ಇರುತ್ತದೆ. ಬೀಗದ ಕೈ ಕಣ್ಣಿಗೆ ಬೀಳದಿದ್ದರೆ ಅರ್ಧ ಜಗಳ ತಪ್ಪುತ್ತದೆ. ಖರ್ಚಿಗೆ ಚಿಕ್ಕ ಮೊತ್ತದ ಪ್ರತ್ಯೇಕ ಖಾತೆ, ಫೋನಿನಲ್ಲಿ ದಿನದ ಮಿತಿ. ಹಣ ಪೂರ್ತಿ ಕಿತ್ತುಕೊಂಡರೆ ಮಾನಕ್ಕೆ ಪೆಟ್ಟು, ಸಿಟ್ಟು ಇನ್ನೂ ಜಾಸ್ತಿ. ಕೆಲಸಕ್ಕೆ ಮರಳುವಾಗ ದಿನಕ್ಕೆ ಎರಡು ಗಂಟೆಯಿಂದ ಶುರು ಮಾಡಿ. ಮೊದಲ ವಾರವೇ ಪೂರ್ತಿ ದಿನ ಕೂತು ಸೋತವರಿಗೆ ಎರಡನೇ ಸಲ ಧೈರ್ಯ ಬರುವುದು ಕಷ್ಟ.

ಮನೆಯ ಮಕ್ಕಳಿಗೆ ಮೂರು ಮಾತು ಸ್ಪಷ್ಟವಾಗಿ ಹೇಳಿ: ತಲೆಗೆ ಪೆಟ್ಟು ಬಿದ್ದು ಹೀಗಾಗಿದೆ, ನಿನ್ನ ತಪ್ಪಲ್ಲ, ಕೂಗಾಟ ಶುರುವಾದರೆ ನೀನು ಇಂಥವರ ಬಳಿ ಹೋಗು.

ನೋಡಿಕೊಳ್ಳುವವರ ದುಃಖ ವಿಚಿತ್ರವಾದದ್ದು. ಮನುಷ್ಯ ಎದುರಿಗೇ ಇದ್ದಾರೆ, ಆದ್ದರಿಂದ ಅಳಲು ಯಾರೂ ಬಿಡುವುದಿಲ್ಲ. ಬದುಕಿ ಬಂದದ್ದೇ ಪುಣ್ಯ ಎಂದು ಬಾಯಿ ಮುಚ್ಚಿಸುತ್ತಾರೆ. ವಾರದಲ್ಲಿ ನಿಗದಿಯಾದ ಎರಡು ಹೊತ್ತು ಬೇರೆಯವರು ನೋಡಿಕೊಳ್ಳಲಿ. "ಬೇಕಾದಾಗ ಹೇಳು, ಬರ್ತೀವಿ" ಎನ್ನುವ ಬಂಧುಗಳಿಗೆ ವಾರ, ಗಂಟೆ, ಕೆಲಸ ಮೂರನ್ನೂ ಬರೆದು ಕೊಡಿ. ನಿಮಗೇ ನಿದ್ದೆ ಬಾರದೆ, ಅವರನ್ನು ಹೊಡೆಯುವಷ್ಟು ಕೋಪ ಬರುತ್ತಿದ್ದರೆ ನಿಮಗೂ ವೈದ್ಯರು ಬೇಕು.

ಎಷ್ಟು ದಿನ?

ಮೊದಲ ಆರು ತಿಂಗಳಲ್ಲಿ ಚೇತರಿಕೆ ವೇಗವಾಗಿರುತ್ತದೆ, ಎರಡು ವರ್ಷದವರೆಗೆ ಕಾಣುವಂತೆ ಸಾಗುತ್ತದೆ. ಆಮೇಲೆ ನಿಧಾನ, ಆದರೆ ನಿಲ್ಲುವುದಿಲ್ಲ. ದಿನಚರಿ, ಉಪಾಯಗಳಿಂದ ಬರುವ ಸುಧಾರಣೆಗೆ ಗಡುವಿಲ್ಲ. ಮೂರು ತಿಂಗಳಿಗೊಮ್ಮೆ ಒಂದು ವಾರ ಮತ್ತೆ ನೋಟ್‌ಬುಕ್ ಬರೆದು ಹಳೆಯದರ ಪಕ್ಕ ಇಡಿ. ಪೆಟ್ಟು ತಿಂದವರು ಚಿಕ್ಕ ಮಗುವಾಗಿದ್ದರೆ ಲೆಕ್ಕ ಬೇರೆ: ಫ್ರಾಂಟಲ್ ಭಾಗ ಇಪ್ಪತ್ತರ ವಯಸ್ಸು ದಾಟುವವರೆಗೂ ಬೆಳೆಯುತ್ತದೆ, ಆರನೇ ವಯಸ್ಸಿನ ಪೆಟ್ಟಿನ ಪರಿಣಾಮ ಹದಿನಾಲ್ಕರಲ್ಲಿ ಕಾಣಿಸಬಹುದು. ಶಾಲೆಗೆ, ಮುಂದೆ ನೋಡುವ ಪ್ರತಿ ವೈದ್ಯರಿಗೆ ಹಳೆಯ ಪೆಟ್ಟಿನ ವಿಷಯ ತಿಳಿಸಿ.

ಕೆಲವು ದಿನ ಚೆನ್ನಾಗಿ, ಕೆಲವು ದಿನ ಕೆಟ್ಟದಾಗಿ ಇರುವುದು ಮಾಮೂಲು. ಆದರೆ ಸುಧಾರಿಸಿಕೊಂಡಿದ್ದವರು ವಾರಗಟ್ಟಲೆ ಹಿಂದಕ್ಕೆ ಜಾರುತ್ತಿದ್ದರೆ ಹಳೆಯ ಪೆಟ್ಟೇ ಮರುಕಳಿಸಿತು ಎಂದುಕೊಂಡು ಕೂರಬೇಡಿ. ಹೊಸ ಮಾತ್ರೆ, ಸೋಂಕು, ಫಿಟ್ಸ್, ನೀರು ತುಂಬಿಕೊಳ್ಳುವುದು, ಖಿನ್ನತೆ, ಗುಟ್ಟಾಗಿ ಕುಡಿಯುವುದು ಇವುಗಳಲ್ಲಿ ಒಂದು ಇದ್ದೇ ಇರಬಹುದು. ಎರಡನೇ ಹಂತಕ್ಕೆ ಮರಳಿ ಮೊದಲಿಂದ ನೋಡಿ.